ಮಳೆಗಾಲದ ಬಿಲ್ಲು, ಮೀನಿನ ತಲೆ

ತೊಂಬತ್ತರ ದಶಕದ ಆ ಮಳೆಗಾಲಗಳಲ್ಲಿ ಕಾವೇರಿ ತುಂಬಿತೆಂದರೆ ಸೋಸಲೆ ಕಡೆಯ ನಾಲೆಗಳು ಉಕ್ಕಿ, ಮೀನು ನಮ್ಮ ಗದ್ದೆಗೇ ಹತ್ತಿ ಬರುತ್ತಿತ್ತು. ತಾತ ಬಿದಿರಿನ ಬಿಲ್ಲು ಹಿಡಿದು ಕೆಸರುನೀರಲ್ಲಿ ನಿಂತು ಹೊಡೆಯುತ್ತಿದ್ದರು. ಹೊಡೆದವರಿಗೇ ಮೀನಿನ ತಲೆ, ಅದು ನಮ್ಮನೆ ಕಟ್ಟಳೆ. ನನಗೆ ಆ ತಲೆ ಬೇಕಿತ್ತು. ರುಚಿಗಲ್ಲ, ಹೊಡೆದವಳು ಅನ್ನಿಸಿಕೊಳ್ಳುವುದಕ್ಕೆ.

“ಎಣ್ಮಕ್ಳು ಬಿಲ್ಲು ಮುಟ್ಟುದ್ರೆ ಗುರಿ ಕೆಡ್ತದೆ ಕಣವ್ವ,” ಅನ್ನುತ್ತಿದ್ದರು ತಾತ. ಕೆಟ್ಟರೆ ಕೆಡಲಿ! ದೊಡ್ಡಪ್ಪನ ಮಗ ಕುಮಾರ ಬಿಸಾಡಿದ ಹಳೇ ಬಿಲ್ಲು ಎತ್ತಿಕೊಂಡು, ಹಿತ್ತಿಲ ಬಾಳೆದಿಂಡಿಗೆ ಹೊಡೆದು ಹೊಡೆದು ಕಲಿತೆ.

ಒಂದು ಆಷಾಢದಲ್ಲಿ ಹಿಡಿದ ಮಳೆ ಬಿಡಲೇ ಇಲ್ಲ. ನೆನೆದರೆ ಬಿಲ್ಲಿನ ಸೆಣಬಿನ ಹೆದೆ ಜೋತುಬೀಳುತ್ತದೆ. ಗಂಡಸರು ಹೆದೆ ಬಿಚ್ಚಿ ಜೇಬಿನಲ್ಲಿಟ್ಟುಕೊಂಡರು, ಜೇಬೇ ತೊಯ್ದುಹೋಯಿತು. ನಾನು ನನ್ನ ಹೆದೆಯನ್ನು ಹರಳೆಣ್ಣೆ ಹಚ್ಚಿದ ತುರುಬಿನೊಳಗೆ ಸುತ್ತಿ, ಮೇಲೆ ಗೊಬ್ಬರದ ಚೀಲ ಹೊದ್ದು ಹೊರಟೆ.

“ತಲೆಗೆ ಎಣ್ಣೆ ಮೆತ್ಕೊಂಡು ಬೇಟೆಗ್ ಬತ್ತಾವ್ಳೆ ನೋಡ್ಲಾ!” ಅಂತ ಕುಮಾರ ಪಕ್ಕದ ಹುಡುಗನಿಗೆ ತೋರಿಸಿ ನಕ್ಕ. ನಗಲಿ ಬಿಡಿ. ಅವನ ಬಾಣ ಅವನ ಕಾಲಬುಡದಲ್ಲೇ ಬಿತ್ತು. ನಾನು ಬದುವಿನ ಮೇಲೆ ಕೂತು ತುರುಬು ಬಿಚ್ಚಿ ಹೆದೆ ಏರಿಸಿದೆ. ಎಣ್ಣೆ ಕುಡಿದಿದ್ದ ಹೆದೆಗೆ ನೀರು ತಾಗಿರಲಿಲ್ಲ. ನೀರೊಳಗಿನ ಮೀನು ಕಂಡ ಜಾಗದಲ್ಲಿ ಇರುವುದಿಲ್ಲ, ಅದರ ಕೆಳಗೆ ಗುರಿ ಇಡಬೇಕು. ಇಟ್ಟೆ, ಬಿಟ್ಟೆ. ಮೊಳದುದ್ದದ ಕೊರಮೀನು ಬಾಣದ ಸಮೇತ ಒದ್ದಾಡಿತು. ಅಯ್ಯೋ, ಆ ಖುಷಿ!

ಮನೆಯಲ್ಲಿ ಮುದ್ದೆ, ಹುಣಸೆಹುಳಿ ಹಾಕಿ ಕುದಿಸಿದ ಮೀನುಸಾರಿನ ಘಮ. ತಾತ ತಲೆಯನ್ನು ಕುಮಾರನ ತಟ್ಟೆಗೆ ಹಾಕಿಸಿದರು.

“ಒಡ್ದವ್ಳು ನಾನು ತಾತ.”

“ಅವ್ನು ಗಂಡ್ಸು ಕಣವ್ವ, ತಿನ್ಲಿ ಬುಡು.”

ಬಿಡುವುದೆಲ್ಲಿ ಬಂತು? ಕುಮಾರನ ತಟ್ಟೆಗೇ ಕೈಹಾಕಿ ತಲೆ ಎತ್ತಿಕೊಂಡೆ. ಸೌಟು ಹಿಡಿದು ನಿಂತಿದ್ದ ಅವ್ವ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಸುರಿದಳು. “ತಿನ್ನು ಮಗ,” ಅಂದಳು. ತಾತ ಎಷ್ಟೋ ದಿನ ನನ್ನ ಜೊತೆ ಮಾತಾಡಲಿಲ್ಲ. ನನಗೇನೂ ಬೇಜಾರಾಗಲಿಲ್ಲ, ಇವತ್ತಿಗೂ ಇಲ್ಲ.

ಈಗ ನಾಲೆಗೆ ಸಿಮೆಂಟು ಬಿದ್ದಿದೆ, ಮೀನು ಗದ್ದೆಗೆ ಹತ್ತುವುದಿಲ್ಲ. ಬಿಲ್ಲು ಕಟ್ಟುವವರಿಲ್ಲ, ತಾತ ಇಲ್ಲ, ಅವ್ವನೂ ಇಲ್ಲ. ಹೊಟ್ಟೆ ಉರಿಯುವುದು ಅವ್ವನನ್ನು ನೆನೆದರೆ. ಜೀವಮಾನವೆಲ್ಲ ಮೀನು ಉಜ್ಜಿ, ಸಾರು ಕುದಿಸಿದವಳ ಪಾಲಿಗೆ ಪಾತ್ರೆಯ ತಳದ ಮುಳ್ಳೇ ಉಳಿಯುತ್ತಿತ್ತು. ಆವತ್ತು ಆ ತಲೆಯನ್ನು ಮುರಿದು ಅರ್ಧ ಅವಳ ಕೈಗಿಟ್ಟೆ. ಗಂಡಸರ ಎದುರು ಎಂದೂ ಉಣ್ಣದವಳು ಅಲ್ಲೇ ಕೂತು, ತಾತ ನೋಡುತ್ತಿದ್ದಂತೆಯೇ ತಿಂದಳು.