ಹೆರಿಗೆ ಕೋಣೆಯ ವಾಚ್‌ಮನ್

ಕೌಸರ್ ಬೋರ್ಡು ಬರೆಸಲು ಬಂದ ದಿನ ನನಗೆ ಮೊದಲೇ ತಲೆ ಕೆಟ್ಟಿತ್ತು. ಬಳ್ಳಾರಿಗೆ ಫ್ಲೆಕ್ಸ್ ಮಶೀನು ಬಂದು ನನ್ನಂಥ ಪೇಂಟರುಗಳಿಗೆ ಅಂಗಡಿ ಬೋರ್ಡು ತಪ್ಪಿಹೋಗಿತ್ತು, ಉಳಿದದ್ದು ಲಾರಿ ಮಾತ್ರ. ಗಣಿಯ ಕಾಲ ಅದು. ಬೆಳಿಗ್ಗೆ ಒಣಗಲು ಹಾಕಿದ ಬಿಳಿ ಅಂಗಿಯನ್ನು ಸಂಜೆ ಅದಿರಿನ ಧೂಳಿಗೆ ಕೆಂಪು ಅಂಗಿ ಅಂತ ಒಳಗೆ ತರಬೇಕಿತ್ತು. ದಿನಕ್ಕೊಂದು ಹೊಸ ಲಾರಿ ಬರುತ್ತಿತ್ತು, ಪ್ರತಿ ಲಾರಿಯ ಹಣೆಗೂ ಮಗನದೋ ಮೊಮ್ಮಗಳದೋ ಹೆಸರು ಬೇಕಿತ್ತು. ಹಾಗಾಗಿ ಈ ಹುಸೇನಬಾಷಾನ ಹೊಟ್ಟೆ ತುಂಬುತ್ತಿತ್ತು, ಸಿಟ್ಟು ಇಳಿಯುತ್ತಿರಲಿಲ್ಲ.

ಕೌಸರ್ ಕಂಟೋನ್ಮೆಂಟಿನಲ್ಲಿ ನಮ್ಮ ಹಿಂದಿನ ಓಣಿಯವಳು. ನರ್ಸಿಂಗ್ ಹೋಮ್ ಒಂದರಲ್ಲಿ ಹನ್ನೊಂದು ವರ್ಷ ಆಯಾ ಆಗಿ ನೆಲ ಒರೆಸಿದವಳು. ಯಾರೋ ಬಂದು ಐದು ದಿನ ತರಬೇತಿ ಕೊಟ್ಟರಂತೆ. ಇದ್ದ ಕೆಲಸ ಬಿಟ್ಟು ನೇರ ನನ್ನ ಹತ್ತಿರ ಬಂದು ಒಂದು ಚೀಟಿ ಹಿಡಿದಳು. ಅದರಲ್ಲಿ 'ಡೌಲಾ' ಎಂದು ಬರೆದಿತ್ತು.

"ಇದೇನಿದು? ಸೂಲಗಿತ್ತಿ ಏನು?"

"ಅಲ್ಲ ಭಾಯಿ. ಹೆರಿಗಿ ಮಾಡ್ಸೋದು ಡಾಕ್ಟರ್ ಕೆಲಸ. ನಾನು ಹಡಿಯಾಕಿ ಬಾಜೂಕ ಕೂಡ್ತೀನಿ. ಬೆನ್ನು ತಿಕ್ತೀನಿ, ಉಸಿರು ಹೆಂಗ ಬಿಡಬೇಕು ಹೇಳ್ತೀನಿ, ಕೈ ಹಿಡ್ಕೊಂತೀನಿ."

"ಕೂಡಾಕ ಯಾರರ ಪಗಾರ ಕೊಡ್ತಾರೇನು?"

"ನಮ್ಮ ಮುಸ್ಕಾನ್ ಹುಟ್ಟುವಾಗ ದವಾಖಾನಿ ಮಂಚದ ಸರಳು ಹಿಡ್ಕೊಂಡು ಒಬ್ಬಾಕಿನ ಹಡದೆ. ಆ ಸರಳು ಎಷ್ಟು ತಣ್ಣಗಿತ್ತು ಅಂತ ನನಗ ಇನ್ನೂ ನೆನಪೈತಿ," ಎಂದಳು.

ನಾನು ಕುಂಚ ಅದ್ದಿ ಬರೆದೆ: 'ಡೌಲಾ ಕೌಸರ್. ಹೆರಿಗೆ ಹೊತ್ತಿನಲ್ಲಿ ಜೊತೆಗೆ ಕೂಡಲಾಗುವುದು.'

ನಾಲ್ಕು ತಿಂಗಳು ಬಂದವರೆಲ್ಲ ಎರಡನೇ ಸಾಲಿನ ಕೊನೆಯನ್ನಷ್ಟೇ ಓದಿಕೊಂಡು ಬಂದರು. ಮೋಕ ಊರಿನವನೊಬ್ಬ ತನ್ನ ಬದಲು ಗ್ಯಾಸ್ ಸಿಲಿಂಡರಿನ ಪಾಳಿಯಲ್ಲಿ ಕೂಡುತ್ತೀಯಾ ಎಂದು ಕೇಳಿದ. ಕೊಳಗಲ್ಲಿನವನೊಬ್ಬ ತನ್ನ ಅತ್ತೆಯ ಜೊತೆ ತಿರುಪತಿ ರೈಲಿನಲ್ಲಿ ಕೂಡಬೇಕೆಂದ. ಅತ್ತೆಯ ಪಕ್ಕ ಕೂಡಲು ಅವನಿಗೇ ಧೈರ್ಯವಿರಲಿಲ್ಲ. ಮುಸ್ಕಾನ್ ಕೂಡ ತಾಯಿಗೆ ಮತ್ತೆ ಆಯಾ ಕೆಲಸಕ್ಕೆ ಹೋಗು ಎನ್ನತೊಡಗಿದಳು.

ಆಗ ಬಂದವಳು ರಾಧಾ. ಸಿರುಗುಪ್ಪದ ಹುಡುಗಿ, ಕುರುಗೋಡಿಗೆ ಕೊಟ್ಟಿದ್ದರು. ಸ್ಕ್ಯಾನಿಂಗಿಗೆ ಬಂದವಳು ಬೋರ್ಡು ನೋಡಿ ನಿಂತಳು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗೋಣವೆಂದರೆ ಅಲ್ಲಿ ತಾಯಿ ಇಲ್ಲ. ಗಂಡ ತಿಂಗಳಲ್ಲಿ ಇಪ್ಪತ್ತು ದಿನ ಬಂದರಿನಲ್ಲಿ ಹಡಗಿಗೆ ಅದಿರು ತುಂಬಿಸುತ್ತಿದ್ದ. ಅವಳು ಕೌಸರಳ ಎರಡೂ ಕೈ ಹಿಡಿದುಕೊಂಡು, "ಕೂಸು ಬರೋತನಕ ಕೈ ಬಿಡಂಗಿಲ್ಲ ಅಂತ ಮಾತು ಕೊಡ್ರಿ," ಎಂದಳು. ಕೌಸರ್ ಮಾತು ಕೊಟ್ಟುಬಿಟ್ಟಳು.

ಮಾತು ಕೊಡುವುದು ಸುಲಭ, ರಾಧಾಳ ಮಾವ ಕೊಟ್ರಬಸಪ್ಪನನ್ನು ಒಪ್ಪಿಸಬೇಕಲ್ಲ! ಮೊನ್ನೆ ಮೊನ್ನೆಯವರೆಗೆ ಭತ್ತ ಬೆಳೆಯುತ್ತಿದ್ದವನು ಈಗ ಹದಿನಾಲ್ಕು ಲಾರಿ ಮತ್ತು ಒಂದು ಅದಿರು ಯಾರ್ಡಿನ ಧಣಿ. ಯಾರ್ಡಿನ ಆಫೀಸಿನಲ್ಲೇ ಕೌಸರಳ ಸಂದರ್ಶನ ನಡೆಸಿದ.

"ಇಂಜೆಕ್ಷನ್ ಕೊಡ್ತಿಯೇನು?"

"ಇಲ್ರಿ."

"ಕೂಸು ತೆಗೀತಿಯೇನು?"

"ಇಲ್ರಿ."

"ಅಂದ್ರ ಏನೂ ಮುಟ್ಟಂಗಿಲ್ಲ, ಸುಮ್ನ ಬಾಜೂಕ ಕುಂತು ನೋಡ್ಕೊಂತಿ."

"ಹೂನ್ರಿ."

ಧಣಿಯ ಮುಖ ಅರಳಿತು. "ಹಂಗನ್ನು ಮತ್ತ! ವಾಚ್‌ಮನ್!"

ಆ ವರ್ಷಗಳಲ್ಲಿ ಅರ್ಧ ಜಿಲ್ಲೆ ಕೆಂಪು ಮಣ್ಣಿನ ಗುಡ್ಡೆಗಳ ಪಕ್ಕ ಕೂತೇ ಸಂಬಳ ತೆಗೆದುಕೊಳ್ಳುತ್ತಿತ್ತು. ಕೊಟ್ರಬಸಪ್ಪನಿಗೆ ಅದು ಚೆನ್ನಾಗಿ ಗೊತ್ತಿದ್ದ ಕಸುಬು. ಅಲ್ಲೇ ಒಂದು ಖಾಕಿ ಅಂಗಿ, ಒಂದು ಸೀಟಿ, ಒಂದು ಲಾಠಿ ಕೊಡಿಸಿದ. ಕೌಸರ್ ಬೇಡವೆನ್ನಲಿಲ್ಲ. ಅವನ ಹೆಂಡತಿ ಹೊನ್ನೂರಮ್ಮ ಮಾತ್ರ ಎಲೆಅಡಿಕೆ ಉಗುಳಿ, "ನಾನು ನಾಕು ಹಡದೀನಿ, ಯಾವ ವಾಚ್‌ಮನ್ ಕುಂತಿದ್ದ?" ಎಂದು ಒಳಗೆ ಹೋದಳು.

ನೋವು ಶುರುವಾದ ದಿನ ಬೆಳಿಗ್ಗೆ ಆರಕ್ಕೆ ಬಳ್ಳಾರಿಯ ಒಂದು ನರ್ಸಿಂಗ್ ಹೋಮಿನ ಮುಂದೆ ಮೂರು ಲಾರಿ ನಿಂತವು. ಲಾರಿ ಯಾಕೆ? ಮನೆಯವರೆಲ್ಲ ಬಂದದ್ದೇ ಲಾರಿಯಲ್ಲಿ. ಮುಂದಿನದು ಹೊಸದು, ಅದರ ಹಣೆ ಖಾಲಿ ಇತ್ತು. ಕೂಸು ಹುಟ್ಟಿದ ಕೂಡಲೇ ಹೆಸರು ಬರೆಯಬೇಕೆಂದು ಧಣಿ ನನ್ನನ್ನೂ ಬಣ್ಣದ ಡಬ್ಬಿಯ ಸಮೇತ ಅಲ್ಲಿ ನಿಲ್ಲಿಸಿದ್ದ. ಹೀಗಾಗಿ ಕೋಣೆಯ ಹೊರಗೆ ನಡೆದದ್ದೆಲ್ಲ ನಾನು ಕಣ್ಣಾರೆ ಕಂಡದ್ದು.

ನರ್ಸು ಹೆರಿಗೆ ಕೋಣೆಯ ಬಾಗಿಲಲ್ಲಿ ಕೌಸರಳನ್ನು ತಡೆದಳು. ಕೌಸರ್ ತರಬೇತಿಯ ಸರ್ಟಿಫಿಕೇಟು ತೋರಿಸಿದಳು, ನರ್ಸು ಅದನ್ನು ತಿರುಗಿಸಿ ಹಿಂಬದಿ ನೋಡಿ ವಾಪಸು ಕೊಟ್ಟಳು. ಒಳಗೆ ರಾಧಾ ಅಳುತ್ತಿದ್ದಳು. ಆಗ ಕೊಟ್ರಬಸಪ್ಪ ಮುಂದೆ ಬಂದ.

"ಕೂಸು ಅದಲಿ ಬದಲಿ ಆದ್ರ ಯಾರು ಜವಾಬ್ದಾರಿ? ನಮ್ಮ ವಾಚ್‌ಮನ್ ಒಳಗ ಇರಬೇಕು!"

ಒಳಗಿನಿಂದ ಬಂದ ಡಾಕ್ಟರಮ್ಮ ಒಪ್ಪಿದರು. ಹೆಂಗಸಿಗೆ ಹೆದರಿಕೆ ಎಂದರೆ ತೆರೆಯದ ಬಾಗಿಲು ಕಳ್ಳತನದ ಹೆದರಿಕೆ ಎಂದೊಡನೆ ತೆರೆಯಿತು. ನನಗೆ ಮೈಯೆಲ್ಲ ಉರಿಯಿತು. ಕೌಸರ್ ಸೀರೆಯ ಮೇಲೆ ಖಾಕಿ ಅಂಗಿ ಹಾಕಿಕೊಂಡು, ಲಾಠಿಯನ್ನು ಬಾಗಿಲ ಹೊರಗೆ ಒರಗಿಸಿ, ಒಳಗೆ ಹೋದಳು.

ರಾಧಾ ನೋವು ಬಂದಾಗಲೆಲ್ಲ ಉಸಿರು ಬಿಗಿಹಿಡಿಯುತ್ತಿದ್ದಳಂತೆ. ಕೌಸರ್ ಎಷ್ಟು ಹೇಳಿದರೂ ಆಗಲಿಲ್ಲ. ಕೊನೆಗೆ ಸೀಟಿಯನ್ನು ತೊಳೆದು ಅವಳ ಬಾಯಿಗಿಟ್ಟು, "ಸದ್ದು ಬರದಂಗ ಮೆಲ್ಲಕ ಊದವ್ವ," ಎಂದಳು. ಸದ್ದಾಗಬಾರದೆಂದರೆ ಉಸಿರನ್ನು ಉದ್ದಕ್ಕೆ, ನಿಧಾನವಾಗಿ ಬಿಡಲೇಬೇಕು. ಒಂದು ತಾಸು ಚೆನ್ನಾಗಿಯೇ ನಡೆಯಿತು. ಆಮೇಲೆ ದೊಡ್ಡ ನೋವೊಂದು ಬಂತು, ಸೀಟಿ ಜೋರಾಗಿ ಕೂಗಿತು.

ಯಾರ್ಡಿನಲ್ಲಿ ಸೀಟಿ ಆಯಿತೆಂದರೆ ಮುಂದಿನ ಲಾರಿ ಒಳಗೆ ಬರಬೇಕು. ನಿದ್ದೆಗಣ್ಣಿನ ಡ್ರೈವರ್ ಗೇರು ಹಾಕಿಯೇಬಿಟ್ಟ. ಹೊಸ ಲಾರಿ ನರ್ಸಿಂಗ್ ಹೋಮಿನ ಗೇಟಿನೊಳಗೆ ಮೂತಿ ತೂರಿಸಿತು, ಹಿಂದಿನವೆರಡು ಅದರ ಬಾಲ ಹಿಡಿದು ಬಂದವು. ನಾನು ಡಬ್ಬಿ ಸಮೇತ ಚರಂಡಿಗೆ ಹಾರಿದೆ. ಮಧ್ಯಾಹ್ನದೊಳಗೆ ಹೀಗೆ ಇನ್ನೆರಡು ಸಲ ಆಯಿತು. ಮೂರನೇ ಸಲಕ್ಕೆ ಕೊಟ್ರಬಸಪ್ಪನೇ ಚಕ್ರಗಳ ಮುಂದೆ ಕಲ್ಲು ಇಡಿಸಿದ.

ಎರಡು ಗಂಟೆಗೆ ಯಾರ್ಡಿನ ವಾಚ್‌ಮನ್ ಹುಲುಗೇಶ ಬಂದ. ದಪ್ಪ ಮೀಸೆ, ಖಾಕಿ ಅಂಗಿ, ಕೈಯಲ್ಲಿ ಊಟದ ಕ್ಯಾರಿಯರ್. ಸೀದಾ ಹೆರಿಗೆ ಕೋಣೆಯ ಬಾಗಿಲಿಗೆ ಹೋಗಿ, ಒರಗಿಸಿದ್ದ ಲಾಠಿಯನ್ನು ಎತ್ತಿಕೊಂಡು, "ಅಕ್ಕಾರೆ, ನಿಮ್ಮ ಡ್ಯೂಟಿ ಮುಗೀತ್ರಿ. ಹೊರಗ ಬರ್ರಿ, ನಾನು ಕೂಡ್ತೀನಿ," ಎಂದ.

ಯಾರ್ಡಿನ ಕಾಯಿದೆ ಅದು. ವಾಚ್‌ಮನ್ ಎಂಟು ತಾಸಿಗಿಂತ ಹೆಚ್ಚು ಕೂತರೆ ತೂಕಡಿಸುತ್ತಾನೆ. ಧಣಿ ಗಡಿಯಾರ ನೋಡಿ ಹೌದೆಂದು ತಲೆಯಾಡಿಸಿದ. ನರ್ಸು ಕಿರುಚಿದಳು, ಹುಲುಗೇಶ ತಾನು ಕಣ್ಣು ಮುಚ್ಚಿಕೊಂಡೇ ಕೂಡುವುದಾಗಿ ಸಮಾಧಾನ ಹೇಳಿದ. ಹಾಗಾದರೆ ವಾಚ್‌ಮನ್ನೇ ಬೇಡ, ಇಬ್ಬರೂ ಹೊರಗಿರಲಿ ಎಂದಳು ನರ್ಸು. ಆಗ ಒಳಗಿನಿಂದ ರಾಧಾಳ ಕೂಗು ಕೇಳಿತು: "ಬಿಡಬ್ಯಾಡ್ರಿ! ಕೈ ಬಿಡಬ್ಯಾಡ್ರಿ!"

ಬೆಳಗಿನಿಂದ ಬೆಂಚಿನ ಮೇಲೆ ಎಲೆಅಡಿಕೆ ಜಗಿಯುತ್ತಿದ್ದ ಹೊನ್ನೂರಮ್ಮ ಎದ್ದಳು. ಹುಲುಗೇಶನ ಕೈಯಿಂದ ಲಾಠಿ ಕಿತ್ತುಕೊಂಡು ಬಾಗಿಲಿಗೆ ಅಡ್ಡವಾಗಿ ನೆಲದ ಮೇಲೆ ಕೂತಳು.

"ಒಬ್ರೂ ಒಳಗ ಹೋಗಂಗಿಲ್ಲ. ಒಳಗಿನಾಕಿನ ಯಾರೂ ಹೊರಗ ಕರಿಯಂಗಿಲ್ಲ."

"ಲೇ, ಡ್ಯೂಟಿ ಅಂದಮ್ಯಾಲ ಬದಲಿ ಬರಬೇಕು," ಎಂದ ಧಣಿ.

"ನಲವತ್ತು ವರ್ಷ ಆತು, ನಾನೂ ಡ್ಯೂಟಿನಾಗ ಅದೀನಿ. ನನಗ ಯಾರು ಬದಲಿ ಬಂದಾರ?"

ಕೊಟ್ರಬಸಪ್ಪ ಮೇಲೆ ತಿರುಗುತ್ತಿದ್ದ ಫ್ಯಾನು ನೋಡತೊಡಗಿದ. ಹುಲುಗೇಶ ಕ್ಯಾರಿಯರ್ ಬಿಚ್ಚಿ ನನಗೂ ಅರ್ಧ ರೊಟ್ಟಿ ಕೊಟ್ಟ.

ಮೂರೂವರೆಗೆ ಹೆಣ್ಣುಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಕ್ಷೇಮ. ಕೌಸರ್ ಹೊರಗೆ ಬಂದಾಗ ಅವಳ ಬಲಗೈ ಊದಿಕೊಂಡಿತ್ತು. ಧಣಿ ಕೇಳಿದ ಮೊದಲ ಮಾತು, "ಏನೂ ಕಳುವಾಗಿಲ್ಲಲ್ಲ?"

"ಇಲ್ರಿ," ಎಂದು ಮತ್ತೆ ಒಳಗೆ ಹೋದಳು.

ಇನ್ನು ನನ್ನ ಕೆಲಸ. ಹೆಸರಿಡುವುದು ತೊಟ್ಟಿಲಿಗೆ ಹಾಕುವ ದಿನವೇ ಎಂದು ಹಿರಿಯರು ಹಟ ಹಿಡಿದರು, ಲಾರಿ ಮರುದಿನವೇ ಲೋಡಿಗೆ ಹೋಗಬೇಕಿತ್ತು. ಆಗ ಒಳಗೆ ಮಗು ನೋಡಿ ಬಂದ ಹೊನ್ನೂರಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, "'ಇಲ್ಲೇ ಅದೀನಿ' ಅಂತ ಬರಿ," ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ಇವತ್ತು ಕುರುಗೋಡಿನಲ್ಲಿದ್ದು ನಾಳೆ ಸಮುದ್ರದ ದಂಡೆಯಲ್ಲಿರುವ ಲಾರಿಗೆ ಇದೊಂದು ಹೆಸರೇ? ಆದರೂ ಹಳದಿ ಬಣ್ಣದಲ್ಲಿ ಬರೆದೆ.

ತಿಂಗಳೊಪ್ಪತ್ತಿನಲ್ಲಿ ಸಿರುಗುಪ್ಪದ ಇಬ್ಬರು ಬಸುರಿಯರು ರಾಧಾಳಿಂದ ಕೇಳಿ ಕೌಸರಳನ್ನು ಹುಡುಕಿಕೊಂಡು ಬಂದರು. ಬೋರ್ಡಿನ ಧೂಳು ಒರೆಸಿ ಮತ್ತೆ ಬಣ್ಣ ಕೊಡಲು ನನ್ನನ್ನು ಕರೆದಳು. ಲಾರಿಗೆ ಅಂಥ ಹೆಸರು ಬರೆಸಿದ ಆ ಮುದುಕಿಯ ತಲೆ ಕೆಟ್ಟಿತ್ತೇ ಎಂದು ಆಗ ಕೇಳಿದೆ.

ಕೌಸರ್ ಹೇಳಿದಳು: ಮಗುವನ್ನು ನೋಡಲು ಬಂದ ಹೊನ್ನೂರಮ್ಮ ಮಗುವನ್ನು ಬಿಟ್ಟು ಕೌಸರಳನ್ನೇ ನೋಡುತ್ತ ನಿಂತಳಂತೆ. "ಬೆಳಿಗ್ಗಿಂದ ಒಳಗ ಆಕೀಗೆ ಏನು ಹೇಳಿದಿ?" ಎಂದು ಕೇಳಿದಳಂತೆ.

"ಏನಿಲ್ಲವ್ವ, 'ಇಲ್ಲೇ ಅದೀನಿ' ಅಂತಿದ್ದೆ, ಅಷ್ಟ."

ಮುದುಕಿ ಬಾಗಿಲು ಮುಂದೆ ಮಾಡಿ, ರಾಧಾಳ ಮಂಚದ ತುದಿಗೆ ಕೂತು, ತನ್ನ ಕೈ ಚಾಚಿದಳಂತೆ.

"ನನಗೂ ಒಮ್ಮಿ ಅನ್ನು."