ಮೆಲ್ಲಗೆ ಹಾಕಿದ ಬಾಗಿಲು

ಅತ್ತಿಗೆ, ಅವ್ವ ಕಾರಿನಿಂದ ಬಿದ್ದದ್ದು ನಿಮ್ಮಿಂದಲ್ಲ, ನನ್ನಿಂದ. ಆ ಬಾಗಿಲನ್ನು ನೀವು ಸರಿಯಾಗಿಯೇ ಹಾಕಿದ್ದಿರಿ. ಅದು ಸರಿಯಾಗಿ ಕೂರದ ಹಾಗೆ ಮಾಡಿಟ್ಟವನು ನಾನು — ನಿಮ್ಮ ಮೈದುನ, ಬಳ್ಳಾರಿಯಲ್ಲಿ ಹಳೆಯ ಗಾಡಿಗಳ ಡೊಂಕು ತಿದ್ದಿ ಹೊಟ್ಟೆ ಹೊರೆಯುವ ವೀರೇಶ.

ಎಷ್ಟು ವರ್ಷ ಈ ಮಾತು ಬಾಯಿಯ ತನಕ ಬಂದು ವಾಪಸು ಹೋಗಿದೆಯೋ... ಅಣ್ಣನ ಫೋನು ಬಂದರೆ ಹೆದರಿಕೆ. ನೀವು ರೊಟ್ಟಿ ಬಡಿಸುತ್ತಾ ಒಂದು ಗಳಿಗೆ ನನ್ನ ಮುಖ ನೋಡಿದರೆ ಗೊತ್ತಾಗಿಬಿಟ್ಟಿತೇ ಎಂಬ ದಿಗಿಲು. ನೀವು ನೋಡುತ್ತಿದ್ದದ್ದು ಇನ್ನೊಂದು ರೊಟ್ಟಿ ಬೇಕೋ ಬೇಡವೋ ಎಂದು ಮಾತ್ರ.

ಬಸುರಿಯಾಗಿದ್ದ ನಿಮ್ಮ ಮಗಳ ಕುಬುಸಕ್ಕೆ ಎಲ್ಲರೂ ಸಿರುಗುಪ್ಪದಿಂದ ಕುರುಗೋಡಿನ ಬೀಗರ ಮನೆಗೆ ಹೊರಡುವವರಿದ್ದಿರಿ. ಅದಕ್ಕೆ ಮುಂಚೆ ಅಣ್ಣ ತನ್ನ ಹಳೆಯ ಕಾರನ್ನು ನನ್ನ ಶೆಡ್ಡಿಗೆ ತಂದು ಬಿಟ್ಟ. ಯಾವ ಕಾಲದಲ್ಲೋ ಪಕ್ಕಕ್ಕೆ ಟ್ರ್ಯಾಕ್ಟರ್ ತಾಗಿದ್ದ ಗಾಡಿ. ಎಡಗಡೆಯ ಹಿಂದಿನ ಬಾಗಿಲು ಪೂರ್ತಿ ಹಾಕಿದರೆ ಅದರ ಅಂಚು ಒಂದು ಬೆರಳಿನಷ್ಟು ಒಳಕ್ಕೆ ಕೂರುತ್ತಿತ್ತು.

“ಬೀಗರ ಮನಿ ಮುಂದ ನಿಲ್ಸೋ ಗಾಡಿ ಐತಿ. ಲೈನು ಒಂಚೂರೂ ಆಕಡಿ ಈಕಡಿ ಆಗಬಾರ್ದು ನೋಡಲೇ” ಎಂದ ಅಣ್ಣ.

ನನಗೂ ಜಂಬ. ಬಾಗಿಲಿನ ಸಂದು ಮೇಲಿನಿಂದ ಕೆಳಗಿನ ತನಕ ಒಂದೇ ಸಮ ಬರಬೇಕೆಂದರೆ ವೀರೇಶನ ಹತ್ತಿರ ಹೋಗು ಎಂದು ಬಳ್ಳಾರಿಯಲ್ಲಿ ನಾಲ್ಕು ಜನ ಹೇಳುತ್ತಿದ್ದ ಕಾಲ ಅದು.

ಮಾಡಬೇಕಾದ ಕೆಲಸ ನನಗೆ ಗೊತ್ತಿತ್ತು. ಬಾಗಿಲು ಬಂದು ಕೂರುವ, ಒಳಕ್ಕೆ ಬಾಗಿದ್ದ ಕಂಬವನ್ನು ಎಳೆದು ನೇರ ಮಾಡಬೇಕು, ಲಾಕು ಹಿಡಿಯುವ ಕೊಕ್ಕೆಯನ್ನು ಬಿಚ್ಚಿ ಹೊರಗೆ ಸರಿಸಬೇಕು. ಸ್ಕ್ರೂಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಬೆಳಗಾದರೆ ಕುಬುಸ. ಕಾರಿನ ಬಾಗಿಲಿನ ಲಾಕು ಎರಡು ಸಲ ಹಿಡಿಯುತ್ತದೆ ಅತ್ತಿಗೆ — ಮೊದಲನೆಯದು ಸುಮ್ಮನೆ ತಡೆದು ನಿಲ್ಲಿಸುತ್ತದೆ, ಎರಡನೆಯದು ಗಟ್ಟಿಯಾಗಿ ಕಚ್ಚುತ್ತದೆ. ಮೊದಲನೆಯದರಲ್ಲೇ ನಿಲ್ಲಿಸಿದರೆ ಆ ಬಾಗಿಲು ಗಾಡಿಯ ಮೈಗೆ ಸರಿಸಮ ಕಾಣುತ್ತಿತ್ತು. ನಾನು ಒಳಗಡೆ ದಪ್ಪ ರಬ್ಬರು ಅಂಟಿಸಿ ಅದನ್ನು ಅಲ್ಲಿಗೇ ನಿಲ್ಲಿಸಿದೆ. ಕುಬುಸ ಮುಗಿದ ಮೇಲೆ ಬಿಚ್ಚಿ ಸರಿ ಮಾಡೋಣ ಎಂದುಕೊಂಡಿದ್ದೆನೋ ಇಲ್ಲವೋ... ಈಗ ಅದೂ ನೆನಪಿಲ್ಲ.

ಸಂಜೆ ಗಾಡಿ ತಂದು ನಿಮ್ಮ ಮನೆ ಮುಂದೆ ನಿಲ್ಲಿಸಿದೆ. ಅಣ್ಣ ಅಂಚಿನ ಮೇಲೆ ಕೈಯಾಡಿಸಿ ಬೀಗಿ ಹೋದ. ಜೋರಾಗಿ ಬಡಿದರೆ ರಬ್ಬರು ಅದುಮಿಕೊಂಡು ಬಾಗಿಲು ಪೂರ್ತಿ ಒಳಕ್ಕೆ ಹೋಗುತ್ತಿತ್ತು, ನನ್ನ ಕಳ್ಳಗೆಲಸ ಹೊರಗೆ ಬೀಳುತ್ತಿತ್ತು. ಅದಕ್ಕೇ ನಿಮ್ಮನ್ನು ಕರೆದು ಹೇಳಿದೆ:

“ಅತ್ತಿಗಿ, ಬಣ್ಣ ಇನ್ನಾ ಹಸಿ ಐತಿ. ಈ ಬಾಗ್ಲಾ ಮೆಲ್ಲಕ ಹಾಕ್ರಿ, ಬಡೀಬ್ಯಾಡ್ರಿ.”

ಬಣ್ಣ ಒಣಗಿತ್ತು. ಬಡಿದಿದ್ದರೆ ಅವ್ವ ಬೀಳುತ್ತಿರಲಿಲ್ಲ.

ಮರುದಿನ ಅವ್ವನನ್ನು ಆ ಬದಿಗೆ ಕೂರಿಸಿ, ನಾನು ಹೇಳಿದ ಹಾಗೆಯೇ ಮೆಲ್ಲಗೆ ಬಾಗಿಲು ಹಾಕಿದಿರಿ. ಸಿರಿಗೇರಿ ದಾಟಿ ಕಾಲುವೆಯ ಸೇತುವೆ ಹತ್ತಿರ ಗಾಡಿ ಕುಲುಕಿತು, ಬಾಗಿಲು ತೆರೆದುಕೊಂಡಿತು. ಅಣ್ಣ ಫೋನಿನಲ್ಲಿ ಅಳುತ್ತಾ ಅವ್ವ ಬಿದ್ದಳು ಎಂದಾಗ, ಬಾಗಿಲು ಎಂಬ ಮಾತು ಅವನ ಬಾಯಿಂದ ಬರುವ ಮೊದಲೇ ನನಗೆ ಆ ರಬ್ಬರು ನೆನಪಾಯಿತು.

ಆಸ್ಪತ್ರೆಗೆ ತಡವಾಗಿ ಬಂದೆನಲ್ಲ, ಎಲ್ಲಿಗೆ ಹೋಗಿದ್ದೆ ಗೊತ್ತೇ? ಗಾಡಿಯ ಹತ್ತಿರ. ರಸ್ತೆ ಬದಿಗೆ ನಿಂತಿದ್ದ ಕಾರಿನೊಳಗೆ ತಲೆ ಹಾಕಿ ರಬ್ಬರು ಕಿತ್ತು ಕಾಲುವೆಗೆ ಎಸೆದೆ. ಹೆತ್ತ ತಾಯಿ ಬದುಕಿದ್ದಾಳೋ ಇಲ್ಲವೋ ಎಂದು ಗೊತ್ತಿರಲಿಲ್ಲ. ಯಾರಾದರೂ ನೋಡಿಬಿಟ್ಟಾರು ಎಂಬುದೊಂದೇ ಭಯ — ಇದನ್ನು ಹೇಳಲು ನಾಚಿಕೆಯಾಗುತ್ತದೆ ಅತ್ತಿಗೆ, ಆದರೆ ಇದನ್ನು ಬಿಟ್ಟು ಉಳಿದದ್ದು ಹೇಳಿದರೆ ಹೇಳಿದ ಹಾಗಾಗುವುದಿಲ್ಲ.

ಅವ್ವನ ಸೊಂಟ ಮುರಿದಿತ್ತು. ಆಸ್ಪತ್ರೆಯ ವರಾಂಡದಲ್ಲಿ ಬೀಗರೆಲ್ಲ ಇದ್ದರು. ಬಾಗಿಲು ಹಾಕಿದ್ದು ಯಾರು ಎಂದು ಅಣ್ಣ ನಿಮ್ಮ ಮೇಲೆ ಹಾರಾಡುತ್ತಿದ್ದ. ನೀವು ನನ್ನ ಕಡೆ ತಿರುಗಿದಿರಿ.

“ವೀರೇಶಾ, ನೀನಾ ಹೇಳಪ್ಪಾ. ಮೆಲ್ಲಕ ಹಾಕ್ರಿ ಅಂದಿದ್ದಿಲ್ಲ ನೀನು?”

ಆಗ ನಾನು ಆಡಿದ ಮಾತು ನಿಮಗೆ ನೆನಪಿದೆಯೋ ಇಲ್ಲವೋ. ನನಗೆ ಒಂದು ದಿನವೂ ಮರೆತಿಲ್ಲ.

“ಮೆಲ್ಲಕ ಅಂದ್ರ ಅರ್ಧಾ ಹಾಕ್ರಿ ಅಂದಿದ್ನೇನ್ರಿ ಅತ್ತಿಗಿ?”

ನೀವು ಸೆರಗು ಬಾಯಿಗೆ ಒತ್ತಿಕೊಂಡು ನೆಲ ನೋಡಿದಿರಿ. ಅವತ್ತಿನಿಂದ ತಪ್ಪು ನಿಮ್ಮದೆಂದು ನೀವೇ ನಂಬಿದಿರಿ.

ಅವ್ವ ಮತ್ತೆ ಎದ್ದು ಓಡಾಡಲಿಲ್ಲ. ಅವಳ ಮೈ ಒರೆಸಿದವರು ನೀವು, ಗಂಜಿ ಕುಡಿಸಿದವರು ನೀವು, ಬೈಸಿಕೊಂಡವರೂ ನೀವು. “ನನ್ನ ಕಾಲು ತಿಂದಾಕಿ” ಎಂದು ಬಂದವರ ಮುಂದೆಲ್ಲ ಅವಳು ಅನ್ನುವಾಗ ನೀವು ಚಹಾ ತಂದಿಟ್ಟು ಒಳಗೆ ಹೋಗುತ್ತಿದ್ದಿರಿ. ನಾನು ಅಲ್ಲೇ ಕೂತು ಆ ಚಹಾ ಕುಡಿಯುತ್ತಿದ್ದೆ.

ಕೊನೆಗೆ, ಹೋಗುವ ಮುಂಚೆ, ಅವ್ವ ನಿಮ್ಮ ಕೈ ಹಿಡಿದಳು.

“ಆಗಿದ್ದಾತು ಬಿಡವ್ವಾ. ನಿಂದು ತಪ್ಪು ಮಾಫ್ ಮಾಡೀನಿ.”

ನೀವು ಅವಳ ಕಾಲ ಮೇಲೆ ತಲೆಯಿಟ್ಟು ಅತ್ತುಬಿಟ್ಟಿರಿ, ಅಷ್ಟು ವರ್ಷದ ಭಾರ ಇಳಿದವರ ಹಾಗೆ. ನಾನು ಮಂಚದ ಇನ್ನೊಂದು ಬದಿಯಲ್ಲಿ ನಿಂತಿದ್ದೆ. ಆಗಲಾದರೂ ಬಾಯಿ ಬಿಟ್ಟಿದ್ದರೆ ಅವ್ವ ಕೇಳಿಸಿಕೊಳ್ಳುತ್ತಿದ್ದಳು... ಅವಳಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ನನಗೆ ಧೈರ್ಯ ಬರಲಿಲ್ಲ. ಮಾಡದ ತಪ್ಪಿಗೆ ನೀವು ಕ್ಷಮೆ ಪಡೆಯುವುದನ್ನು ನಿಂತು ನೋಡಿದೆ.

ಈಗ ಅವ್ವನಿಲ್ಲ. ಅವಳಿಗೆ ಹೇಳುವುದು ಇನ್ನು ಆಗದ ಮಾತು. ನಾಳೆ ಸಿರುಗುಪ್ಪಕ್ಕೆ ಬರುತ್ತೇನೆ, ಅಣ್ಣನ ಎದುರು ಹೇಳುತ್ತೇನೆ. ಅಲ್ಲಿಂದ ಕುರುಗೋಡಿಗೂ ಹೋಗುತ್ತೇನೆ, ಏಕೆಂದರೆ ಆ ಮಾತು ಆಡಿದ್ದು ಬೀಗರ ಎದುರು. ಅಣ್ಣ ಹೊಡೆದರೆ ಹೊಡೆಯಲಿ, ಮನೆಗೆ ಬರಬೇಡ ಎಂದರೆ ಅನ್ನಲಿ. ಹೆದರಿಕೆ ಇನ್ನೂ ಹೋಗಿಲ್ಲ, ಇದ್ದೇ ಇದೆ. ಒಂದೇ ಬೇಡಿಕೆ ಅತ್ತಿಗೆ — ನೀವು ಮಾತ್ರ ಅವ್ವನ ಹಾಗೆ ಮಾಫ್ ಮಾಡೀನಿ ಎಂದುಬಿಡಬೇಡಿ.