ಚಿಕ್ಕಪ್ಪನ ಲ್ಯಾಪ್‌ಟಾಪ್ ಓಲಗ

ನೀವು ಇದನ್ನು ನಂಬುವುದಿಲ್ಲ. ನಮ್ಮ ಕ್ಲಾಸಿನಲ್ಲಿ ಒಬ್ಬಳೂ ನಂಬಲಿಲ್ಲ, ಆದರೂ ಹೇಳುತ್ತೇನೆ: ನಮ್ಮ ಚಿಕ್ಕಪ್ಪನ ಕಿವಿಯಿಂದ ಕಪ್ಪು ಹೊಟ್ಟು ಉದುರುತ್ತಿತ್ತು. ಹೆಡ್‌ಫೋನಿನ ಸ್ಪಂಜು ಹಳೆಯದಾಗಿ ಸಿಪ್ಪೆ ಎದ್ದು, ಬೆವರಿಗೆ ಅಂಟಿಕೊಂಡು, ಅವನು ತಲೆ ಆಡಿಸಿದಾಗಲೆಲ್ಲ ಮುದ್ದೆ ಪಾತ್ರೆಯ ಸೀದ ಹಕ್ಕಳೆಯಂತೆ ಹೆಗಲ ಮೇಲೆ ಬೀಳುತ್ತಿತ್ತು. ಅದೇ ಹೆಡ್‌ಫೋನನ್ನು ಬಿಸಿಬಿಸಿಯಾಗಿ ಕಿತ್ತು ನನ್ನ ತಲೆಗೆ ಸಿಕ್ಕಿಸಿ, "ಕೇಳಮ್ಮಿ, ಎಂಗದೆ?" ಅನ್ನುತ್ತಿದ್ದ. ನಾನು ಬಚ್ಚಲಿಗೆ ಓಡಿ ಕಿವಿಗೆ ಸೋಪು ಹಾಕಿ ಉಜ್ಜುತ್ತಿದ್ದೆ. ಒಂದು ತಿಂಗಳಲ್ಲಿ ಮನೆಯ ಸೋಪೆಲ್ಲ ನನ್ನ ಕಿವಿಯೊಳಗೇ ಹೋಯಿತು ಅಂತ ಅಮ್ಮ ಬೈಯುತ್ತಿದ್ದಳು.

ನಮ್ಮದು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವ ಮನೆ. ಮುಂದಿನ ಕೋಣೆಯಲ್ಲಿ ಅಪ್ಪನ ಮಗ್ಗ. ಹಿಂದಿನ ಕೋಣೆಯಲ್ಲಿ ಅಪ್ಪನ ತಮ್ಮನ, ಅಂದರೆ ಈ ಚಿಕ್ಕಪ್ಪನ, ಸ್ಟುಡಿಯೋ. ಸ್ಟುಡಿಯೋ ಅಂದರೆ ಒಂದು ಲ್ಯಾಪ್‌ಟಾಪು, ಒಂದು ಕೀಬೋರ್ಡು, ಒಂದು ಮೈಕು. ಸದ್ದು ಹೊರಗೆ ಹೋಗದಿರಲಿ ಅಂತ ಗೋಡೆ ತುಂಬ ಮೊಟ್ಟೆ ಟ್ರೇ ಅಂಟಿಸಿದ್ದ. ಒಡೆದ ಮೊಟ್ಟೆಯ ಲೋಳೆ ಕೆಲವು ಟ್ರೇಗಳಲ್ಲಿ ಹಾಗೇ ಇತ್ತು. ಸದ್ದು ಆರಾಮಾಗಿ ಹೊರಗೆ ಹೋಗುತ್ತಿತ್ತು, ಇರುವೆಗಳು ಆರಾಮಾಗಿ ಒಳಗೆ ಬರುತ್ತಿದ್ದವು.

ಮೊದಲು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದವನು, ಅದು ಮುಚ್ಚಿದ ಮೇಲೆ ಒಂದೇ ಹಟಕ್ಕೆ ಬಿದ್ದಿದ್ದ: ಮದುವೆ ಓಲಗದ ನಾದಸ್ವರವನ್ನು ಕಂಪ್ಯೂಟರಿನಿಂದ ಹೊರಡಿಸಬೇಕು. ಅದಕ್ಕಾಗಿ ಇಂಟರ್‌ನೆಟ್ಟಿನಲ್ಲಿ ಸಿಕ್ಕ ಸಂಗೀತದ ಸಾಫ್ಟ್‌ವೇರು, ಸಿಂಥಸೈಜರು, ಯಾವುದನ್ನೂ ಬಿಡದೆ ಟ್ರಯಲ್ ಇಳಿಸಿಕೊಂಡು ಪರೀಕ್ಷೆ ಮಾಡುತ್ತಿದ್ದ. ಅದೂ ಬೋಂಡಾ ತಿಂದ ಕೈಯಲ್ಲಿ. ಕೀ ಒತ್ತಿ ಬೆರಳು ಎತ್ತಿದರೆ ಕೀಯೂ ಜೊತೆಗೇ ಎದ್ದು ಬರುತ್ತಿತ್ತು.

ಒಂದರಲ್ಲಿ ಕೊಳಲು ಅಂತ ಇತ್ತು. ಒತ್ತಿದರೆ ನೆಗಡಿಯಾದ ಕೋಣ ಮೂಗು ಸೀಟಿದ ಸದ್ದು. ಇನ್ನೊಂದರಲ್ಲಿ ಇಂಡಿಯಾ ಅಂತಲೇ ಒಂದು ಗುಂಡಿ. ಒತ್ತಿದರೆ ಎಣ್ಣೆ ಡಬ್ಬಕ್ಕೆ ತಂತಿ ಕಟ್ಟಿ ಎಳೆದಂತೆ ಜುಂಯ್ ಅಂದು, ಹಿಂದಿನಿಂದ ಯಾರೋ ಆಕಳಿಸಿದರು. ಇಡೀ ದೇಶ ಅಂದರೆ ಒಂದು ಆಕಳಿಕೆಯಾ? ಮತ್ತೊಂದು ಎಷ್ಟು ನಿಧಾನ ಅಂದರೆ, ಇಲ್ಲಿ ಕೀ ಒತ್ತಿದರೆ ಸ್ವರ ದೂರದ ಕಾಡಂಚಿನ ಗೋಪಿನಾಥಂನಲ್ಲಿ ಬಸ್ಸಿಗೆ ಕಾದು ಹತ್ತಿಕೊಂಡು ಬರುತ್ತಿತ್ತು.

"ಥೂ! ಇದು ನೆಗೀತದೆ ಕಣಮ್ಮಿ," ಅನ್ನುತ್ತಿದ್ದ ಚಿಕ್ಕಪ್ಪ. "ಸ್ವರ ನೆಗಿಬಾರ್ದು, ಜಾರ್ಬೇಕು. ಎಣ್ಣೆ ಮೇಲ್ ಕಾಲಿಟ್ಟಂಗೆ ಜಾರ್ಬೇಕು."

"ಎಣ್ಣೆ ಕೀಬೋರ್ಡ್ ತುಂಬಾ ಅದೆ ಬುಡು ಚಿಕ್ಕಪ್ಪ."

"ಬಾಯ್ ಮುಚ್ಕಂಡು ಕಿವೀಲಿ ಕೇಳು."

ಹಾಗೆ ಕೇಳಿಸಿ ಕೇಳಿಸಿ ನನ್ನ ಕಿವಿಯನ್ನು ಕೆಡಿಸಿಬಿಟ್ಟ. ಈಗಲೂ ಸ್ನೇಹಿತೆಯರು ಕುಣಿಯುತ್ತಿರುವ ಹಾಡಿನಲ್ಲಿ ಸುಳ್ಳು ಕೊಳಲು ಬಂದರೆ ನನಗೊಬ್ಬಳಿಗೇ ವಾಕರಿಕೆ ಬರುತ್ತದೆ. ಆ ವಾಕರಿಕೆ ಅವನು ಕೊಟ್ಟ ವಿದ್ಯೆ. ಸ್ಕೂಲಿನಲ್ಲಿ ಯಾರೂ ನನಗೆ ಇಷ್ಟು ಚೆನ್ನಾಗಿ ಏನನ್ನೂ ಕಲಿಸಿಲ್ಲ.

ಕೊನೆಗೆ ಒಂದು ಸಾಫ್ಟ್‌ವೇರ್ ಜಾರಿತು. ಎಷ್ಟು ಚೆನ್ನಾಗಿ ಜಾರಿತು ಅಂದರೆ, ಮುಂದಿನ ಕೋಣೆಯಲ್ಲಿ ಅಪ್ಪನ ಮಗ್ಗ ಅರೆಗಳಿಗೆ ನಿಂತಿತು. ಆದರೆ ಅದು ಡೆಮೊ. ನುಡಿಸಿದ್ದನ್ನು ಉಳಿಸಿಕೊಳ್ಳಲು ಬಿಡುತ್ತಿರಲಿಲ್ಲ. ಸಾಲದ್ದಕ್ಕೆ ಆಗಾಗ ಉಸಿರು ಕಟ್ಟಿದಂತೆ ಪೂರ್ತಿ ನಿಂತು, ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತಿತ್ತು. ಕೊಂಡುಕೊಂಡರೆ ಮಾತ್ರ ನಿಲ್ಲುವುದಿಲ್ಲವಂತೆ. ಚಿಕ್ಕಪ್ಪ ಕೊಳ್ಳುವ ಪೈಕಿ ಅಲ್ಲ.

ಅಷ್ಟರಲ್ಲಿ ಹನೂರಿನಲ್ಲಿ ನನ್ನ ಸೋದರತ್ತೆಯ ಮಗಳ, ನಾನು ಅಕ್ಕ ಅನ್ನುವವಳ, ಮದುವೆ ಬಂತು. ಒಳ್ಳೆಯ ಲಗ್ನದ ದಿನ. ಓಲಗದವರೆಲ್ಲ ಬೇರೆ ಛತ್ರಗಳಿಗೆ ಒಪ್ಪಿಕೊಂಡಿದ್ದರು. ಚಿಕ್ಕಪ್ಪ ಎದೆ ತಟ್ಟಿಕೊಂಡು ನಿಂತ. ಅಪ್ಪ ಮಗ್ಗದಿಂದ ಏಳದೆಯೇ ಹೇಳಿದ:

"ನುಡ್ಸು. ಸರ್ಯಾಗಾದ್ರೆ ಆ ರೂಮು ನಿಂದೆ. ಮಾನ ಕಳುದ್ಯೋ, ಮಾರ್ನೆ ದಿನ್ವೇ ಅಲ್ಲಿ ಎರಡ್ನೆ ಮಗ್ಗ ಆಕ್ತೀನಿ."

ಆ ಕೋಣೆ ಹೋದರೆ ಚಿಕ್ಕಪ್ಪನಿಗೆ ಊರಿನಲ್ಲಿ ಕೀಬೋರ್ಡ್ ಇಡಲು ಬೇರೆ ಮೂಲೆ ಇರಲಿಲ್ಲ.

"ಫೋನಲ್ಲೇ ಒಂದ್ ಓಲ್ಗ ಆಕ್ಬುಡು, ಸುಮ್ನೆ," ಅಂದೆ.

"ಪುರೋಹಿತ್ರು ಕೈ ಎತ್ತಿದ್ ಗಳ್ಗೆಗೇ ಬರ್ಬೇಕು ಕಣಮ್ಮಿ ಗಟ್ಟಿಮೇಳ. ಫೋನಿಗೆ ಕೈ ಕಾಣ್ತದಾ?"

"ನಿನ್ ಡೆಮೊ ಮದ್ಯಕ್ಕೇ ನಿಂತ್ಬುಟ್ರೆ?"

"ಒಂದ್ಕಿತ ನಿಂತು ಬಂದ್ರೆ, ಆಮೇಲೆ ಒಸಿ ಒತ್ತು ನಿಲ್ಲಲ್ಲ. ಆ ಸಂದೀಲಿ ತಾಳಿ ಕಟ್ಟುಸ್ಬುಡದು."

ಮದುವೆಯ ದಿನ ಎಲ್ಲ ಅವನು ಹೇಳಿದಂತೆಯೇ ನಡೆಯಿತು. ಮುಹೂರ್ತಕ್ಕೆ ಸ್ವಲ್ಪ ಮುಂಚೆ ಡೆಮೊ ನಿಂತಿತು, ಬಂತು. ಚಿಕ್ಕಪ್ಪ ನನಗೆ ಕಣ್ಣು ಹೊಡೆದ. ಪುರೋಹಿತರು ಇನ್ನೇನು ಕೈ ಎತ್ತಬೇಕು, ಆಗ ಫೋಟೋದವನು, "ಸಾ, ಒಂದ್ನಿಮ್ಷ, ಬ್ಯಾಟ್ರಿ," ಅಂದ. ಅವನು ಚೀಲ ತಡಕಿದ, ಜೇಬು ತಡಕಿದ. ಹೊಸ ಬ್ಯಾಟರಿಯನ್ನು ಉಲ್ಟಾ ಹಾಕಿ, ತೆಗೆದು, ಊದಿ, ಮತ್ತೆ ಹಾಕಿದ. ಚಿಕ್ಕಪ್ಪನ ಹಣೆಯ ಬೆವರು ತೊಟ್ಟಿಕ್ಕಿ ಕೀಬೋರ್ಡಿನ ಎಣ್ಣೆಯ ಮೇಲೆ ಗುಂಡಗೆ ನಿಂತಿತು.

"ಗಟ್ಟಿಮೇಳ! ಗಟ್ಟಿಮೇಳ!" ಕೊನೆಗೂ ಪುರೋಹಿತರು ಕೈ ಎತ್ತಿದರು.

ಚಿಕ್ಕಪ್ಪ ಹತ್ತೂ ಬೆರಳಲ್ಲಿ ಬಡಿದ. ಛತ್ರದ ತಗಡು ನಡುಗಿತು. ಗಂಡು ತಾಳಿ ಎತ್ತಿ ಅಕ್ಕನ ಕೊರಳಿನ ಹತ್ತಿರ ತಂದ. ಡೆಮೊ ನಿಂತಿತು.

ತಾಳಿ ಕಟ್ಟುವಾಗ ಯಾರಾದರೂ ಸೀನಿದರೆ, ಕೆಟ್ಟ ಮಾತಾಡಿದರೆ ಕೇಳಿಸಬಾರದು ಅಂತಲೇ ಅಲ್ಲವೇ ಗಟ್ಟಿಮೇಳ ಇರುವುದು? ಆ ನಿಶ್ಶಬ್ದದಲ್ಲಿ, ಆಗಷ್ಟೇ ನಶ್ಯ ಏರಿಸಿದ್ದ ಗಂಡಿನ ಸೋದರಮಾವ, ಹುಟ್ಟಿದಾಗಿನಿಂದ ಕೂಡಿಟ್ಟುಕೊಂಡಿದ್ದಂಥ ಒಂದು ಸೀನು ಸೀನಿದ. ಕಂದು ಬಣ್ಣದ ಹನಿಗಳು ಅಕ್ಷತೆಗಿಂತ ಮೊದಲೇ ಹೆಣ್ಣುಗಂಡಿನ ಮೇಲೆ ಬಿದ್ದವು.

"ಅಪ್ಸಕ್ನ! ತಡೀರಿ, ತಡೀರಿ!" ಅಂತ ಯಾರೋ ಕೂಗಿದರು. ಗಂಡಿನ ಕೈ ಗಾಳಿಯಲ್ಲೇ ನಿಂತಿತು. ಅಕ್ಕನ ಕಣ್ಣು ತುಂಬಿತು. ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಆಗ ಚಿಕ್ಕಪ್ಪ ಪುರೋಹಿತರ ಮುಂದಿದ್ದ ಮೈಕನ್ನು ಕಿತ್ತುಕೊಂಡು ಬಾಯಲ್ಲೇ ಊದತೊಡಗಿದ. "ಪೇ... ಪೆಪ್ಪೆಪ್ಪೇ... ಡುಂ ಡುಡುಂ!" ಕೆನ್ನೆ ಉಬ್ಬಿ, ಕಣ್ಣು ಗೋಲಿಯಂತೆ ಹೊರಬಂದು, ತುಟಿಯಿಂದ ಮೈಕಿನವರೆಗೆ ಜೊಲ್ಲಿನ ಒಂದು ಎಳೆ ಜೋಕಾಲಿಯಾಡುತ್ತಿತ್ತು. ನನಗೆ ತಿಂಡಿಗೆ ತಿಂದ ಉಪ್ಪಿಟ್ಟು ಗಂಟಲಿಗೆ ಬಂತು. ಆದರೆ ಸ್ವರ ಜಾರಿತು! ಗಂಡು ಬೆಚ್ಚಿಬಿದ್ದು ಮೂರು ಗಂಟು ಹಾಕಿಯೇಬಿಟ್ಟ. ಲ್ಯಾಪ್‌ಟಾಪು ಎದ್ದು ಮತ್ತೆ ಊದತೊಡಗಿದರೂ ಯಾರೂ ಅದರ ಕಡೆ ನೋಡಲಿಲ್ಲ.

ಸೋದರಮಾವ ಮೂಗು ಒರೆಸಿಕೊಳ್ಳುತ್ತಾ, "ಮೊದ್ಲಿಂದ್ಲೂ ಬಾಯಲ್ಲೇ ಊದಾದಲ್ವಾ ಸಾ? ಆ ಡಬ್ಬ ಯಾಕೆ?" ಅಂದ. ಛತ್ರವೆಲ್ಲ ನಕ್ಕಿತು. ಅಪ್ಪ ನಗಲಿಲ್ಲ. ಕೊಳ್ಳೇಗಾಲದವರೆಗೂ ಬಸ್ಸಿನಲ್ಲಿ ಕಿಟಕಿಯ ಹೊರಗೇ ನೋಡುತ್ತಿದ್ದ.

ಮರುದಿನ ಬೆಳಿಗ್ಗೆ ಚಿಕ್ಕಪ್ಪ ನನ್ನನ್ನು ಕರೆದ. "ಇಷ್ಟ್ ದಿನ ಊರೋರ್ದೆಲ್ಲ ಕೇಳುದ್ವಿ. ನಮ್ದೇ ಒಂದ್ ಮಾಡ್ಬುಡವ ಬಾಮ್ಮಿ." ಒಂದೊಂದೇ ಸ್ವರವನ್ನು, ಮುಂದಿನದಕ್ಕೆ ಜಾರಿಸುತ್ತಾ, ಅವನು ಬಾಯಲ್ಲಿ ಊದಿದ, ನಾನು ಒಂದೊಂದನ್ನೂ ರೆಕಾರ್ಡ್ ಮಾಡಿ ಒಂದೊಂದು ಕೀಗೆ ಕೂರಿಸಿದೆ. ಮೈಕು ಈರುಳ್ಳಿ ಬೋಂಡಾ ನಾರುತ್ತಿತ್ತು. ಮೂಗು ಹಿಡಿದುಕೊಂಡೇ ಕೆಲಸ ಮುಗಿಸಿದೆ. ಆಮೇಲೆ ಚಿಕ್ಕಪ್ಪ ಕೀ ಒತ್ತಿದ. ಅವನದೇ ಬಾಯಿ, ಅದೇ ಜೊಲ್ಲು, ಆದರೆ ಸ್ಪೀಕರಿನಿಂದ ಬಂದದ್ದು ಓಲಗ. 'ಸ'ದಿಂದ 'ಪ'ದವರೆಗೆ ಜಾರಿಕೊಂಡು ಹೋಯಿತು. ಚಿಕ್ಕಪ್ಪ ಥೂ ಅನ್ನಲಿಲ್ಲ. ಆ ಕೋಣೆಯಲ್ಲಿ ಅವನು ಥೂ ಅನ್ನದಿದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಬಾಗಿಲಲ್ಲಿ ಅಪ್ಪ ನಿಂತಿದ್ದ. ಹೆಗಲ ಮೇಲೆ ಮಗ್ಗದ ಉದ್ದನೆಯ ಮರ.

"ಯಾವ್ ಸಾಫ್ಟ್‌ವೇರ್ಲಾ ಅದು?"

"ನಮ್ದೇ ಕಣಣ್ಣ. ನನ್ ಬಾಯಿ."

"ಇನ್ನೊಂದ್ಕಿತ ಒತ್ತು."

ಚಿಕ್ಕಪ್ಪ ಒತ್ತಿದ. ಅಪ್ಪ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದ.

"ಸಂದಾಗದೆ," ಅಂದ. ಮರವನ್ನು ಕೆಳಗಿಳಿಸಿ, ಬಗ್ಗಿ, ಸ್ಪೀಕರಿನ ಪ್ಲಗ್ ಕಿತ್ತ. "ಬಾಯ್ನ ಎಲ್ಲಾದ್ರೂ ಇಟ್ಕೊಬೋದು. ಮಗ್ಗಕ್ಕೆ ರೂಮ್ ಬೇಕು."